ಗೂಳಿತಲೆಯ ಕಾಜ್

ತಂಗಿಯ ಮಗ ಇಂಗ್ಲಿಷಿನ ಫ್ಯಾಂಟಸಿ ಸರಣಿ ಡ್ರ್ಯಾಗನ್‌ಲ್ಯಾನ್ಸ್‌ನ ಮೊದಲ ಮೂರು ಕಾದಂಬರಿಗಳನ್ನು ದಸರಾ ರಜೆಯಲ್ಲಿ ಓದಿ ಮುಗಿಸಿದ. ಮುಗಿಸಿದ ರಾತ್ರಿಯೇ ಫೋನ್ ಬಂತು. "ಮಾವ, ಇದೇ ಲೋಕದ ಕಥೆಗಳು ಇನ್ನೂ 150ಕ್ಕಿಂತ ಹೆಚ್ಚು ಇವೆಯಂತೆ. ಎಲ್ಲವನ್ನೂ ಓದಬೇಕೇ?"

ಬೇಡ ಎಂದೆ. ಆದರೆ ಹಾಗೆ ಹೇಳುವ ನೈತಿಕ ಹಕ್ಕು ನನಗಿಲ್ಲ. ಅವನ ವಯಸ್ಸಿನಲ್ಲಿ ನಾನು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದವನು. ರಾಮಾಯಣದ ಕವಿಗಳ ಭಾರಕ್ಕೆ ಕುಮಾರವ್ಯಾಸನ ಫಣಿರಾಯ ತಿಣುಕಿದಂತೆ ನನ್ನ ಕಪಾಟೂ ತಿಣುಕಿತ್ತು.

ಇಷ್ಟೊಂದು ಪುಸ್ತಕಗಳು ಹುಟ್ಟಿದ್ದಕ್ಕೆ ಕಾರಣ ಸರಳ. ಕ್ರಿನ್ ಎಂಬ ಈ ಲೋಕ ಯಾವ ಲೇಖಕರ ಸ್ವಂತ ಆಸ್ತಿಯೂ ಅಲ್ಲ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಕೆಲಸಕ್ಕೆ ಸೇರಲು ವಿಸ್ಕಾನ್ಸಿನ್‌ಗೆ ಕಾರಿನಲ್ಲಿ ಹೋಗುವಾಗ ಇದರ ಕಲ್ಪನೆ ಮೊಳೆಯಿತು. ಕೆಲಸ ಕೊಟ್ಟದ್ದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಆಡುವ ಆಟದ ಟಿಎಸ್‌ಆರ್ ಕಂಪನಿ. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಸೇರಿ ಬರೆದ ತ್ರಿವಳಿ 1984–85ರಲ್ಲಿ ಬಂತು, ಗೆದ್ದಿತು. ಲೋಕ ಕಂಪನಿಯದು, ಬೇರೆ ಲೇಖಕರಿಂದಲೂ ಬರೆಸುತ್ತಾ ಹೋಯಿತು.

ಮೊದಲ ಪುಸ್ತಕ ತೆರೆಯುವುದೇ ಒಂದು ಪುನರ್ಮಿಲನದಿಂದ. ದೈತ್ಯ ಮರದ ಕೊಂಬೆಗಳ ನಡುವೆ ಕಟ್ಟಿದ ಒಂದು ಛತ್ರ, ಒಟಿಕ್ ಎಂಬ ಯಜಮಾನ, ಅವನ ಖಾರದ ಆಲೂಗಡ್ಡೆ. ಐದು ವರ್ಷ ಬೇರೆಬೇರೆಯಾಗಿ ಅಲೆದ ಗೆಳೆಯರು ಅಲ್ಲಿ ಸೇರುತ್ತಾರೆ. ಮಾಂತ್ರಿಕ ರೇಸ್ಟ್ಲಿನ್ ಕೆಮ್ಮುತ್ತಾ ಬರುತ್ತಾನೆ: ಚಿನ್ನದ ಬಣ್ಣದ ಚರ್ಮ, ಮರಳುಗಡಿಯಾರದ ಆಕಾರದ ಕಣ್ಣುಪಾಪೆ. ಮಾಂತ್ರಿಕರ ಗೋಪುರದಲ್ಲಿ ಅವನಿಗೆ ಏನಾಯಿತು? ಪೂರ್ತಿ ಹೇಳುವುದಿಲ್ಲ. ಆ ಹೇಳದೆ ಉಳಿಸಿದ್ದರಲ್ಲೇ ನನಗೆ ಅರ್ಧ ಪುಸ್ತಕವಿತ್ತು.

ಪ್ರಕಾಶಕರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಆ ಐದು ವರ್ಷಗಳನ್ನು ತುಂಬಿಸಲು 1989ರಿಂದ ಒಂದು ಮಾಲಿಕೆಯನ್ನೇ ತಂದರು. ಅದರಲ್ಲಿನ 'ಬ್ರದರ್ಸ್ ಮಜೀರ್'ನಲ್ಲಿ ರೇಸ್ಟ್ಲಿನ್ ಮತ್ತು ಅವನ ಅವಳಿ ಕ್ಯಾರಮನ್ ಬೆಕ್ಕುಗಳು ಮಾಯವಾಗುತ್ತಿರುವ ಊರಿಗೆ ಹೋಗುತ್ತಾರೆ. ಬೆಕ್ಕುಗಳ ವಿಷಯ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆದರೆ ಅಣ್ಣತಮ್ಮಂದಿರ ಜೀವಕ್ಕೆ ಕುತ್ತು ಬಂದಾಗಲೆಲ್ಲ ನಾನು ಆಕಳಿಸಿದೆ. ಇಬ್ಬರೂ ಬದುಕಿ ಬಂದು ಒಟಿಕ್‌ನ ಆಲೂಗಡ್ಡೆ ತಿನ್ನಲೇಬೇಕಲ್ಲ!

ವೈಸ್ ಅವರೇ 1998ರಲ್ಲಿ ಬರೆದ, ರೇಸ್ಟ್ಲಿನ್ ಬಾಲ್ಯದ ಕಥೆ 'ದಿ ಸೋಲ್‌ಫೋರ್ಜ್' ಅದಕ್ಕಿಂತ ಎಷ್ಟೋ ಮೇಲು. ಆವೇಶ ಬಂದಂತೆ ಲೋಕ ಮರೆತು ಕೂರುವ ತಾಯಿ, ಕೈಚಳಕ ತೋರಿಸಿ ಜನರನ್ನು ಬೆರಗುಗೊಳಿಸುವ ಬಡ ಹುಡುಗ. ಆ ಪುಟಗಳನ್ನು ಎರಡೆರಡು ಸಲ ಓದಿದ್ದೇನೆ. ಗೋಪುರದ ಪರೀಕ್ಷೆಯನ್ನು ಬಿಡಿಸಿ ಹೇಳಿದ ಮೇಲೆ ಮಾತ್ರ ಆ ಚಿನ್ನದ ಚರ್ಮ ನನ್ನನ್ನು ಮೊದಲಿನಂತೆ ಕಾಡಲಿಲ್ಲ. ಮೂಲ ಲೇಖಕರೇ ಬರೆದರೂ ಹೀಗೆ.

ಹುಡುಗನಿಗೆ ನಾನು ಕಳಿಸಿದ್ದು ರಿಚರ್ಡ್ ನಾಕ್ 1988ರಲ್ಲಿ ಬರೆದ 'ದಿ ಲೆಜೆಂಡ್ ಆಫ್ ಹ್ಯೂಮ'. ಮೂಲ ತ್ರಿವಳಿಯಲ್ಲಿ ಹ್ಯೂಮ ಎಂದೋ ಬಾಳಿ ಹೋದ ವೀರ, ಹಾಡಿನಲ್ಲಷ್ಟೇ ಉಳಿದವನು. ಅವನ ಕೊನೆ ಏನೆಂದು ಮೊದಲೇ ಗೊತ್ತು. ಆದರೆ ಆರಂಭದಲ್ಲೇ ಅವನು ಗಾಬ್ಲಿನ್‌ಗಳ ಕೈಯಿಂದ ಒಬ್ಬ ಸೆರೆಯಾಳನ್ನು ಬಿಡಿಸುತ್ತಾನೆ: ಗೂಳಿಯ ತಲೆ, ಆಳೆತ್ತರ ಮೀರಿದ ಮೈ, ಮಾತಿಗೆ ಮುಂಚೆ ಸಿಟ್ಟು. ಕಾಜ್ ಎಂಬ ಮಿನೋಟಾರ್. ಮೂಲ ತ್ರಿವಳಿಯಲ್ಲಿ ಇವನ ಸುಳಿವೇ ಇಲ್ಲ. ಪ್ರಾಣ ಉಳಿಸಿದ ಋಣಕ್ಕೆ ಹ್ಯೂಮನ ಬೆನ್ನಿಗೆ ಅಂಟಿಕೊಂಡ ಇವನ ಹಣೆಯಲ್ಲಿ ಏನು ಬರೆದಿದೆ ಎಂದು ಯಾವ ಹಾಡೂ ಹೇಳಿರಲಿಲ್ಲ. ನಾಕ್ ಅವರ ಗದ್ಯ ಅಲ್ಲಲ್ಲಿ ಒರಟು, ಯುದ್ಧದ ವರ್ಣನೆ ಮುಗಿಯುವುದೇ ಇಲ್ಲ. ಆದರೂ ಕಾಜ್ ಗಾಯಗೊಂಡಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು.

ಕೊರಿಯರ್ ತಲುಪಿ ನಾಲ್ಕು ದಿನಕ್ಕೆ ಒಂದು ಫೋಟೊ ಬಂತು. ಹಳದಿಗಟ್ಟಿದ ಪುಟ, ಅಂಚಿನಲ್ಲಿ ಪೆನ್ಸಿಲಿನ ಸೊಟ್ಟ ಅಕ್ಷರ: "ಇವನು ಸಾಯಬಾರದು."

"ಮಾವ, ಇದು ನಿಮ್ಮ ಅಕ್ಷರವೇ? ಕಾಜ್ ಸಾಯುತ್ತಾನೆಯೇ?"

ಮೊದಲನೆಯದಕ್ಕೆ ಹೌದು ಎಂದೆ. ಎರಡನೆಯದಕ್ಕೆ, ಆ ಉದ್ದನೆಯ ಪಟ್ಟಿಯನ್ನು ಸದ್ಯಕ್ಕೆ ತೆರೆಯಬೇಡ, ಕೆಲವು ಪುಸ್ತಕಗಳ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ ಎಂದಷ್ಟೇ ಬರೆದೆ. ಈಗಾಗಲೇ ತೆರೆದು ನೋಡಿರುತ್ತಾನೆ, ಕಳ್ಳ.