ದಡದಿಂದ ಗಾಳ ಹಾಕಲು ಹೊರಡುವವರು ಮೊದಲು ಉಬ್ಬರದ ಪಟ್ಟಿ ನೋಡಿ

ದಡದಿಂದ ಗಾಳ ಹಾಕಿಸಲು ಪ್ರವಾಸಿಗರನ್ನು ಕರೆದೊಯ್ಯುವ ಆಯೋಜಕರಿಗೆ ಹಣ ಕಟ್ಟುವ ಮೊದಲು, ಗಾಳ ಹಾಕುವ ಹೊತ್ತನ್ನು ಅವರು ಯಾವ ಲೆಕ್ಕದಲ್ಲಿ ಗೊತ್ತುಮಾಡಿದ್ದಾರೆಂದು ಕೇಳಿ. ನಮಗೆ ಕೊಟ್ಟ ವೇಳಾಪಟ್ಟಿಯಲ್ಲಿ ಪ್ರತಿದಿನವೂ ಬೆಳಿಗ್ಗೆ 6ರಿಂದ 9 ಎಂದೇ ಅಚ್ಚಾಗಿತ್ತು. ದಿನಕ್ಕೆರಡು ಉಬ್ಬರ ಬರುವ ಕರಾವಳಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಇಂದಿನ ಉಬ್ಬರ ನಾಳೆ ಸರಾಸರಿ 50 ನಿಮಿಷ ತಡವಾಗಿ ಬರುತ್ತದೆ. ಮೊದಲ ಬೆಳಿಗ್ಗೆ ಏರುನೀರಿಗೆ ಸರಿಯಾಗಿ ಒದಗಿದ ಅದೇ ವೇಳೆ, ಪ್ರವಾಸದ ಕೊನೆಯ ದಿನಗಳ ಹೊತ್ತಿಗೆ ಮರಳದಿಬ್ಬ ಬಯಲಾಗುವಷ್ಟು ನೀರಿಳಿದ ಹೊತ್ತಾಗಿತ್ತು. ಮೀನು ಸಿಗುವುದು ಅದೃಷ್ಟ ಎಂಬುದಷ್ಟೇ ಆಯೋಜಕರ ಸಮಾಧಾನ.

ಆರು ಗಂಟೆಗಳ ಏರಿಕೆಯಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ನೀರು ಏರುತ್ತದೆ. ಸಮತಟ್ಟಾದ ಮರಳ ದಂಡೆಯಲ್ಲಿ ಏರಿಕೆಯ ಕೊನೆಯ ಎರಡು ಗಂಟೆ ಹಾಗೂ ಇಳಿತದ ಮೊದಲ ಗಂಟೆಯನ್ನು ನಾನು ಬಿಡುವುದಿಲ್ಲ. ಅಳಿವೆಯಲ್ಲಿ ಮಾತ್ರ ಲೆಕ್ಕ ಬೇರೆ: ಇಳಿಯುವ ನೀರು ಸಿಗಡಿಯನ್ನೂ ಮರಿಮೀನುಗಳನ್ನೂ ಹೊರಕ್ಕೆ ಸೆಳೆಯುವಾಗ ದೊಡ್ಡ ಮೀನು ಸೆಳೆತದ ಅಂಚಿನಲ್ಲಿ ಕಾದಿರುತ್ತದೆ. ಉಬ್ಬರದ ಪಟ್ಟಿಯಲ್ಲಿರುವ ಸಮಯ ಸಾಮಾನ್ಯವಾಗಿ ಬಂದರಿನದು. ಅಳಿವೆಯ ಒಳಭಾಗಕ್ಕೆ ಉಬ್ಬರ ಅದಕ್ಕಿಂತ ತಡವಾಗಿ ಮುಟ್ಟುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತವೂ ಸೆಳೆತವೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ಎರಡೂ ತಗ್ಗುತ್ತವೆ.

ಆಯೋಜಕರು ಮಾರಲು ತಂದಿದ್ದ ಬಣ್ಣಬಣ್ಣದ ಕೃತಕ ಎರೆಗಳ, ಅಂದರೆ ಲೂರ್‌ಗಳ ಪೆಟ್ಟಿಗೆಯನ್ನು ಕೊಳ್ಳಬೇಡಿ. ಅದರಲ್ಲಿದ್ದ ಹೆಚ್ಚಿನವು ಕಡಲ ಎದುರುಗಾಳಿಗೆ ದೂರ ಹೋಗದಷ್ಟು ಹಗುರವಾಗಿದ್ದವು, ಕೊಕ್ಕೆಗಳು ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುವಂಥವು. 20ರಿಂದ 40 ಗ್ರಾಂ ತೂಗುವ, ಅಲಂಕಾರವಿಲ್ಲದ ಚಮಚದ ಆಕಾರದ ಒಂದು ಬೆಳ್ಳಿ ಬಣ್ಣದ ಲೋಹದ ಲೂರ್ (ಸ್ಪೂನ್) ಇಡೀ ಪೆಟ್ಟಿಗೆಗಿಂತ ಮೇಲು. ಅದು ಗಾಳಿಯನ್ನು ಸೀಳಿಕೊಂಡು ದೂರ ಹೋಗುತ್ತದೆ, ಬೇಗ ಎಳೆದರೆ ಮೇಲ್ನೀರಿನಲ್ಲೂ ತಡೆದು ಎಳೆದರೆ ಆಳದಲ್ಲೂ ಓಡುತ್ತದೆ, ಬಂಡೆಗೆ ಉಜ್ಜಿದರೂ ಕೆಡುವುದಿಲ್ಲ, ಕಳೆದುಹೋದರೂ ಹೊಟ್ಟೆ ಉರಿಯುವುದಿಲ್ಲ. ತಿಳಿನೀರಿನಲ್ಲಿ ಅದಕ್ಕೆ ಸಾಟಿಯಿಲ್ಲವೆಂದೇ ನನ್ನ ಅಭಿಪ್ರಾಯ.

ನೀರು ಕದಡಿದಾಗ ಮೀನು ಕಣ್ಣಿಗಿಂತ ವಾಸನೆಯನ್ನೇ ಹೆಚ್ಚು ನೆಚ್ಚುವುದರಿಂದ ಲೂರ್ ಬಿಟ್ಟು ನಿಜವಾದ ಎರೆ ಕಟ್ಟುವುದು ಲೇಸು. ಬೂತಾಯಿ ಮೀನಿನ ವಾಸನೆ ದೂರ ಹಬ್ಬುತ್ತದಾದರೂ ಮಾಂಸ ಮೆದುವಾದ್ದರಿಂದ ಬೀಸುವಾಗಲೇ ಕಳಚಿ ಬೀಳುತ್ತದೆ. ಹಿಗ್ಗುವ ನೂಲಿನಿಂದ ಸುತ್ತಿ ಬಿಗಿಯಬೇಕು. ಸಿಗಡಿಯನ್ನು ಬಹುತೇಕ ಎಲ್ಲ ಮೀನುಗಳೂ ತಿನ್ನುತ್ತವೆ, ಏಡಿಗಳೂ ಬಿಡುವುದಿಲ್ಲ. ಏಡಿಗಳ ಕಾಟವಿರುವಲ್ಲಿ ಗಟ್ಟಿಯಾದ ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸೆಳೆತವಿರುವ ಮರಳಿನಲ್ಲಿ ದಾರವನ್ನು ಮುಳುಗಿಸುವ ದುಂಡನೆಯ ಸೀಸದ ತೂಕ ಉರುಳುವುದರಿಂದ ಪಿರಮಿಡ್ ಆಕಾರದ್ದನ್ನು ಕಟ್ಟಿ. ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆ, ಅಂದರೆ ಸರ್ಕಲ್ ಹುಕ್ ಬಳಸುವವರು ಮೀನು ಕಚ್ಚಿದೊಡನೆ ಜಗ್ಗದೆ ನಿಧಾನವಾಗಿ ರೀಲ್ ಸುತ್ತಿದರೆ ಅದು ತಾನಾಗಿ ಬಾಯಂಚಿಗೆ ಸಿಕ್ಕಿಕೊಳ್ಳುತ್ತದೆ.

ಜೆಟ್ಟಿಯ ಮೇಲೆ ಆಳದ ನೀರು ಸುಲಭವಾಗಿ ಸಿಗುವುದು ನಿಜ, ಆದರೆ ಹತ್ತಾರು ಜನರ ದಾರಗಳ ನಡುವೆ ನನ್ನದನ್ನು ಬಿಡಿಸಿಕೊಳ್ಳುವ ತಾಳ್ಮೆ ನನಗಿಲ್ಲ. ಸಂತೆಯಂಥ ಗದ್ದಲ ಒಗ್ಗುವವರು ಅಲ್ಲಿಗೇ ಹೋಗಬಹುದು. ಏಕಾಂತಕ್ಕಾಗಿ ಬಂಡೆಗಳನ್ನು ಆರಿಸುವವರು ಇಳಿಯುವ ಮುನ್ನ ಕಾಲುಗಂಟೆಯಾದರೂ ಅಲೆಗಳನ್ನು ಗಮನಿಸಬೇಕು. ಏರುನೀರು ಮರಳುವ ದಾರಿಯನ್ನು ಮುಚ್ಚುವ ಮೊದಲೇ ಅಲ್ಲಿಂದ ಹೊರಟುಬಿಡಬೇಕು.