ಹಿಲ್ಸ್‌ಬರೋದ ಜಗಲಿಯಲ್ಲಿ ಒಂದು ಮಧ್ಯಾಹ್ನ

ಅಮೆರಿಕದ ಜಾನಪದ ಸಂಗೀತಗಾರರಾದ ರಿಯಾನನ್ ಗಿಡೆನ್ಸ್ ಮತ್ತು ಜಸ್ಟಿನ್ ರಾಬಿನ್ಸನ್ ಸೇರಿ 2025ರ ಏಪ್ರಿಲ್‌ನಲ್ಲಿ ಹೊರತಂದ ‘ವಾಟ್ ಡಿಡ್ ದ ಬ್ಲ್ಯಾಕ್‌ಬರ್ಡ್ ಸೇ ಟು ದ ಕ್ರೋ’ ಆಲ್ಬಂನಲ್ಲಿ ಬ್ಯಾಂಜೋ ಎಂಬ ಮೀಟುವ ತಂತಿವಾದ್ಯವಿದೆ, ಪಿಟೀಲು ಇದೆ, ಅಲ್ಲಲ್ಲಿ ಹಾಡಿದೆ, ಜೊತೆಗೆ ಜೀರುಂಡೆಗಳಿವೆ. 18 ಮಟ್ಟುಗಳನ್ನು ಅವರು ಸ್ಟುಡಿಯೋ ಬಿಟ್ಟು ಬಯಲಿನಲ್ಲಿ ನುಡಿಸಿದ್ದಾರೆ. ನಡುವೆ ಹಕ್ಕಿ ಕೂಗಿದರೆ ಆ ಕೂಗೂ ಹಾಗೆಯೇ ಉಳಿದಿದೆ. ಧ್ವನಿಮುದ್ರಣಕ್ಕೆ ಆರಿಸಿಕೊಂಡ ಜಾಗಗಳೆಲ್ಲ ನಾರ್ತ್ ಕೆರೊಲೈನಾ ರಾಜ್ಯದವು. ಒಂದು ಪಿಟೀಲುವಾದಕ ಜೋ ಥಾಂಪ್ಸನ್ ಬಾಳಿದ ಮನೆ, ಇನ್ನೊಂದು ಗಿಟಾರ್ ವಾದಕಿ ಎಟ್ಟಾ ಬೇಕರ್ ಅವರ ಮನೆ. ಮತ್ತೊಂದು ಮಿಲ್ ಪ್ರಾಂಗ್ ಹೌಸ್, ಹಿಂದೆ ಕಪ್ಪು ಜನರನ್ನು ಗುಲಾಮರನ್ನಾಗಿಸಿ ದುಡಿಸಿಕೊಂಡ ಎಸ್ಟೇಟಿನ ಬಂಗಲೆ.

ಆ ಜೀರುಂಡೆಗಳ ಸದ್ದು ನನಗೆ ಚೆನ್ನಾಗಿ ಗೊತ್ತು. ನಾವಿರುವುದು ಇದೇ ರಾಜ್ಯದ ಡರ್ಹಮ್ ನಗರದ ಪಕ್ಕದಲ್ಲಿ. ಇಲ್ಲಿನ ಸಾಫ್ಟ್‌ವೇರ್ ಮತ್ತು ಔಷಧ ಕಂಪನಿಗಳಿಗೆಂದು ಬಂದು ನೆಲೆಸಿದ ಕನ್ನಡದ ಕುಟುಂಬಗಳು ಬೇಕಾದಷ್ಟಿವೆ. 2024ರ ಮೇ ತಿಂಗಳಿನಲ್ಲಿ, 13 ವರ್ಷ ನೆಲದೊಳಗೆ ಬೇರಿನ ರಸ ಹೀರುತ್ತಾ ಕುಳಿತಿದ್ದ ಕೆಂಪು ಕಣ್ಣಿನ ಜೀರುಂಡೆಗಳು ಒಮ್ಮೆಲೇ ಹೊರಬಂದು ಓಕ್ ಮರಗಳನ್ನೇರಿದವು. ಅದೇ ವರ್ಷ ಇಲಿನಾಯ್ ಕಡೆ 17 ವರ್ಷಕ್ಕೊಮ್ಮೆ ಏಳುವ ಸಂತತಿಯೂ ಎದ್ದಿತು. ಇವೆರಡೂ ಒಂದೇ ವರ್ಷದಲ್ಲಿ ಎದ್ದದ್ದು 1803ರ ಬಳಿಕ ಅದೇ ಮೊದಲು. ಬೆಳಗಿನಿಂದ ಸಂಜೆಯವರೆಗೆ ಮರಗಳೇ ತಂಬೂರಿ ಮೀಟಿದವು. ನಮ್ಮ ಕಡೆಯ ಸಂತತಿ ಇನ್ನು ಏಳುವುದು 2037ರಲ್ಲಿ. ಅಷ್ಟರವರೆಗೆ ಆ ನಾದ ಬೇಕೆಂದರೆ ಈ ಆಲ್ಬಂ ಹಾಕಿಕೊಂಡು ಕೇಳಬಹುದು.

ಅದರಲ್ಲಿನ ‘ಹುಕ್ ಆ್ಯಂಡ್ ಲೈನ್’ ಎಂಬ ಮಟ್ಟನ್ನು ಮೈಸೂರಿನ ನಮ್ಮ ಮೇಷ್ಟ್ರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆ. ಅಗ್ರಹಾರದ ಅವರ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ ಕುಳಿತು ನಾನು ಸರಳೆ, ಜಂಟಿ, ವರ್ಣಗಳನ್ನು ಕಲಿತದ್ದು. ಎಂಬತ್ತು ದಾಟಿದ್ದಾರೆ, ಕಿವಿ ಮಾತ್ರ ಚುರುಕಾಗಿಯೇ ಇದೆ. ಮರುದಿನವೇ ಕರೆ ಬಂತು.

“ಏನಮ್ಮಾ, ಆ ಹುಳುವಿನ ಸದ್ದನ್ನು ತೆಗೆಯಲು ಅವರಿಗೆ ಆಗುತ್ತಿರಲಿಲ್ಲವೇ?”

“ಆಗುತ್ತಿತ್ತು ಮೇಷ್ಟ್ರೇ. ಬೇಕೆಂದೇ ಬಿಟ್ಟಿದ್ದಾರೆ.”

“ಒಳ್ಳೆಯದನ್ನೇ ಮಾಡಿದ್ದಾರೆ. ಆ ಹುಡುಗನ ಕಮಾನು ಕೇಳಿದೆಯಾ? ತಾಳವೆಲ್ಲ ಬಲಗೈಯಲ್ಲೇ ಕುಳಿತಿದೆ. ಎಲ್ಲಾದರೂ ಹೋಗಿ ಅದನ್ನು ಕಲಿತುಕೋ.”

ರಾಬಿನ್ಸನ್ ಅವರ ಆ ಕಮಾನು ಎಲ್ಲಿಂದ ಬಂತೆಂಬುದು ನನಗೆ ಗೊತ್ತಿತ್ತು. ಜೋ ಥಾಂಪ್ಸನ್ ಹುಟ್ಟಿದ್ದು 1918ರಲ್ಲಿ. ಪಿಟೀಲು ಕಲಿತದ್ದು ತಂದೆಯಿಂದ. ಬಹುಕಾಲ ಮೆಬೇನ್ ಊರಿನ ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದರು. ಜೋಳದ ಸಿಪ್ಪೆ ಸುಲಿಯುವ ರಾತ್ರಿಗಳಲ್ಲಿ, ಊರಿನ ಕುಣಿತಗಳಲ್ಲಿ, ದಾಯಾದಿ ಓಡೆಲ್ ಥಾಂಪ್ಸನ್ ಅವರ ಬ್ಯಾಂಜೋ ಜೊತೆಗೆ ನುಡಿಸಿದರು. 2005ರಲ್ಲಿ ಬೂನ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಕಪ್ಪು ಬ್ಯಾಂಜೋ ವಾದಕರ ಸಮಾವೇಶ ನಡೆಯಿತು. ಅಲ್ಲಿ ಪರಿಚಯವಾದ ಗಿಡೆನ್ಸ್, ರಾಬಿನ್ಸನ್ ಮತ್ತು ಡಾಮ್ ಫ್ಲೆಮನ್ಸ್ ಪ್ರತಿ ಗುರುವಾರ ಸಂಜೆ ಮೆಬೇನ್‌ಗೆ ಹೋಗಿ ಜೋ ಎದುರು ಕುಳಿತು ನುಡಿಸತೊಡಗಿದರು. ಆಗ ಅವರಿಗೆ ಎಂಬತ್ತೇಳರ ಆಸುಪಾಸು. ಬರೆದುಕೊಟ್ಟ ಸ್ವರವಿಲ್ಲ, ಪಾಠವೆಂಬುದೂ ಇಲ್ಲ. ಅವರು ನುಡಿಸುತ್ತಿದ್ದರು, ಇವರು ಹಿಂಬಾಲಿಸುತ್ತಿದ್ದರು. ಆ ಮೂವರು ಕಟ್ಟಿದ ‘ಕೆರೊಲೈನಾ ಚಾಕೊಲೇಟ್ ಡ್ರಾಪ್ಸ್’ ತಂಡ 2011ರಲ್ಲಿ ಗ್ರ್ಯಾಮಿ ಪಡೆಯಿತು. ಜೋ 2012ರಲ್ಲಿ ತೀರಿಕೊಂಡರು. ಗುರು ಇಲ್ಲದ ಗುರುವಿನ ಮನೆಯಲ್ಲಿ ಕುಳಿತು ಶಿಷ್ಯರು ಮತ್ತೆ ನುಡಿಸಿದ್ದಾರೆ ಎಂದು ತಿಳಿದ ಮೇಲೆ ಆ ಧ್ವನಿಮುದ್ರಣವನ್ನು ನಾನು ಕೇಳುವ ರೀತಿಯೇ ಬೇರೆಯಾಯಿತು.

ಬ್ಯಾಂಜೋ ಕಡೆಗೆ ನನ್ನನ್ನು ಎಳೆದದ್ದು ಮಾತ್ರ ತಬಲಾ. ಬ್ಯಾಂಜೋ ವಾದಕ ಬೇಲಾ ಫ್ಲೆಕ್, ತಬಲಾದ ಜಾಕಿರ್ ಹುಸೇನ್, ಬಾಸ್ ನುಡಿಸುವ ಎಡ್ಗರ್ ಮೇಯರ್ ಮತ್ತು ಕೊಳಲಿನ ರಾಕೇಶ್ ಚೌರಾಸಿಯಾ 2023ರಲ್ಲಿ ‘ಆ್ಯಸ್ ವಿ ಸ್ಪೀಕ್’ ಆಲ್ಬಂ ತಂದಾಗ ನಾನು ಕೇಳಿದ್ದು ಜಾಕಿರ್ ಅವರಿಗಾಗಿ, ಕೊನೆಗೆ ಕಿವಿ ನೆಟ್ಟಿದ್ದು ಫ್ಲೆಕ್ ಮೇಲೆ. ಅಲ್ಲಿಂದ ಮೂರು ಬೆರಳಿನ ಮೀಟುವಿಕೆಗೆ ಹೊಸ ರೂಪ ಕೊಟ್ಟ ಅರ್ಲ್ ಸ್ಕ್ರಗ್ಸ್. 1924ರಲ್ಲಿ ಹುಟ್ಟಿದ ಅವರೂ ಇದೇ ರಾಜ್ಯದವರು, 1945ರಲ್ಲಿ ಬಿಲ್ ಮನ್ರೋ ತಂಡ ಸೇರಿದ ಮೇಲೆಯೇ ಬ್ಲೂಗ್ರಾಸ್ ಎಂಬ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತ ಇಂದಿನ ರೂಪಕ್ಕೆ ಬಂದದ್ದು. ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವಾರ್ಷಿಕ ಮೇಳ 2013ರಿಂದ 2024ರವರೆಗೆ ನಮ್ಮ ಪಕ್ಕದ ರಾಲೆಯಲ್ಲೇ ನಡೆಯುತ್ತಿತ್ತು. ಬೀದಿಯಲ್ಲಿ ನಿಂತು ಉಚಿತವಾಗಿ ಕೇಳಬಹುದಿತ್ತು. ಬ್ಲೂಗ್ರಾಸ್ ಗಿಟಾರ್ ವಾದಕರಾದ ಬಿಲ್ಲಿ ಸ್ಟ್ರಿಂಗ್ಸ್ ಅವರ 2024ರ ‘ಹೈವೇ ಪ್ರೇಯರ್ಸ್’, ಮಾಲಿ ಟಟ್ಟಲ್ ಅವರ ‘ಕ್ರುಕೆಡ್ ಟ್ರೀ’ ಎರಡೂ ನನಗೆ ಅಚ್ಚುಮೆಚ್ಚು. ಅವರ ಕೈವೇಗ ಬೆರಗು ಹುಟ್ಟಿಸುತ್ತದೆ. ಅವನ್ನು ಕೇಳುವಾಗ ನಾನು ಸಭಿಕಳು. ಗಿಡೆನ್ಸ್ ಮತ್ತು ರಾಬಿನ್ಸನ್ ನುಡಿಸಿದ್ದು ಕೇಳಿದರೆ ಮಾತ್ರ ಕೈ ತಾನಾಗಿ ಕಮಾನಿನ ಕಡೆಗೆ ಹೋಗುತ್ತದೆ. ಧ್ವನಿಮುದ್ರಣವೊಂದು ಕೇಳುಗನನ್ನು ಎಬ್ಬಿಸಿ ವಾದ್ಯ ಹಿಡಿಸಿದರೆ ಅದಕ್ಕಿಂತ ದೊಡ್ಡ ಕೆಲಸವಿಲ್ಲ ಎಂದೇ ನನ್ನ ನಂಬಿಕೆ.

ಮೇಷ್ಟ್ರ ಮಾತಿನ ಮೇಲೆ ವಿಚಾರಿಸಿದಾಗ ಕಚೇರಿಯ ಸಹೋದ್ಯೋಗಿಯೊಬ್ಬರು ಹಿಲ್ಸ್‌ಬರೋ ಹೊರವಲಯದ ಒಂದು ಮನೆಯ ವಿಳಾಸ ಕೊಟ್ಟರು. ಶನಿವಾರ ಮಧ್ಯಾಹ್ನ ಅಲ್ಲಿ ಹಳೆಯ ಮಟ್ಟುಗಳನ್ನು ನುಡಿಸುವವರು ಸೇರುತ್ತಾರೆ, ಯಾರು ಬೇಕಾದರೂ ಬರಬಹುದು. ಪಿಟೀಲು ತೆಗೆದುಕೊಂಡು ಹೊರಟೆ. ಹತ್ತು ವರ್ಷದ ಮಗಳು, “ಅಮ್ಮ, ನಾನೂ ಬರುತ್ತೇನೆ” ಎಂದು ಕಾರು ಹತ್ತಿದಳು.

ಮನೆಯ ಹಿಂದೆ ಮರದ ಹಲಗೆಯ ಅಗಲವಾದ ಜಗಲಿ, ಅದರ ಮೇಲೆ ದುಂಡಗೆ ಇಟ್ಟ ಕುರ್ಚಿಗಳು. ಮನೆಯೊಡತಿ ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬ್ಯಾಂಜೋ ನುಡಿಸುತ್ತಾರೆ. ಹಿರಿಯ ಬಡಗಿಯೊಬ್ಬರು ಪಿಟೀಲನ್ನು ಗದ್ದಕ್ಕೆ ಒತ್ತದೆ ಎದೆಗೆ ಆನಿಸಿ ಹಿಡಿದಿದ್ದರು. ಎರಡು ಗಿಟಾರ್‌ಗಳಿದ್ದವು, ದೊಡ್ಡ ಬಾಸ್ ಹಿಡಿದು ನಿಂತ ಒಬ್ಬ ಕಾಲೇಜು ಹುಡುಗನಿದ್ದ. ನಾನು ಕುರ್ಚಿ ಬೇಡವೆಂದು ಹಲಗೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು, ಬಲಗಾಲನ್ನು ಮುಂದಕ್ಕೆ ಚಾಚಿ, ಪಿಟೀಲಿನ ತಲೆಯನ್ನು ಪಾದದ ಗಂಟಿನ ಮೇಲೆ ಇಟ್ಟೆ. ಯಾರೂ ಬೆರಗಾಗಲಿಲ್ಲ. ಬಡಗಿ ಮಾತ್ರ ಬಗ್ಗಿ ನೋಡಿ, “ಹಾಗೆ ಹಿಡಿದರೆ ಎಡಗೈಗೆ ಭಾರವೇ ಇಲ್ಲ, ಅಲ್ಲವೇ?” ಎಂದರು. ಹೌದು, ಗಮಕಕ್ಕೆ ಬೆರಳು ಜಾರಲು ಅದರಿಂದಲೇ ಅನುಕೂಲ ಎಂದೆ.

ಆಮೇಲೆ ಅವರು ಬಿರಡೆ ತಿರುಗಿಸಿ ತಂತಿಗಳನ್ನು ಹೊಂದಿಸಲು ಶುರುಮಾಡಿದರು. ಪಾಶ್ಚಾತ್ಯ ಪಿಟೀಲಿನ ನಾಲ್ಕು ತಂತಿಗಳು ಸಾಮಾನ್ಯವಾಗಿ ಜಿ, ಡಿ, ಎ, ಇ. ಅವರು ಕೆಳಗಿನ ಎರಡನ್ನೂ ಏರಿಸಿ ಎ, ಇ, ಎ, ಇ ಮಾಡಿಕೊಂಡರು. ಈ ಸಂಗೀತದಲ್ಲಿ ಎ ಶ್ರುತಿಯ ಮಟ್ಟುಗಳಿಗೆ ಹೀಗೆ ಮಾಡುವ ರೂಢಿ ಹಳೆಯದು. ಒಂದು ತಂತಿಯಲ್ಲಿ ಮಟ್ಟು ನುಡಿಯುವಾಗ ಪಕ್ಕದ ಬಿಡಿ ತಂತಿ ಆಧಾರವಾಗಿ ಝೇಂಕರಿಸುತ್ತದೆ. ನನಗೆ ಮೈ ಜುಮ್ಮೆಂದಿತು. ಎ ಅನ್ನು ಷಡ್ಜವೆಂದುಕೊಂಡರೆ ಅದು ಸ, ಪ, ಸ, ಪ. ಮೇಷ್ಟ್ರು ಮೊದಲ ದಿನ ನನ್ನ ಕೈಗೆ ಕೊಟ್ಟ ಪಿಟೀಲಿನ ಶ್ರುತಿಯೇ ಅದು, ಕರ್ನಾಟಕ ಸಂಗೀತದ ಪಿಟೀಲುಗಾರರೆಲ್ಲ ನಿತ್ಯ ಹೊಂದಿಸುವ ಶ್ರುತಿ. ನಾನು ನನ್ನ ಷಡ್ಜವನ್ನು ಅವರ ಎ ಗೆ ಏರಿಸಿದ್ದಷ್ಟೇ. ನಾಲ್ಕೂ ತಂತಿಗಳ ಮೇಲೆ ಒಮ್ಮೆ ಕಮಾನು ಎಳೆದಾಗ ಬಡಗಿ ಕತ್ತೆತ್ತಿ ನೋಡಿ ನಕ್ಕರು.

ಮಟ್ಟು ಶುರುವಾಯಿತು. ಬ್ಲೂಗ್ರಾಸ್‌ನಲ್ಲಿ ಒಬ್ಬೊಬ್ಬರೂ ಸರದಿಯಂತೆ ಮುಂದೆ ಬಂದು ತಮ್ಮ ಕೈಚಳಕ ತೋರುತ್ತಾರೆ, ನಮ್ಮ ತನಿ ಆವರ್ತನದ ಹಾಗೆ. ಈ ಹಳೆಯ ಶೈಲಿಯಲ್ಲಿ ಅದಿಲ್ಲ. ಎಲ್ಲರೂ ಸೇರಿ ಒಂದೇ ಮಟ್ಟನ್ನು ಸುತ್ತು ಸುತ್ತಾಗಿ ನುಡಿಸುತ್ತಾ ಹೋಗುತ್ತಾರೆ. ರಾಗಿಕಲ್ಲು ತಿರುಗಿದ ಹಾಗೆ ತಿರುಗುವುದು ಅದೇ ಸುತ್ತು, ಹಿಟ್ಟು ಮಾತ್ರ ಪ್ರತಿ ಸುತ್ತಿಗೂ ಬೀಳುತ್ತಲೇ ಇರುತ್ತದೆ. ಸ್ವರಗಳು ಬೇಗನೆ ಸಿಕ್ಕವು. ನಾಲ್ಕು ಸುತ್ತು ಕೇಳಿದರೆ ಮಟ್ಟು ಬಾಯಿಗೆ ಬರುತ್ತದೆ. ಸವಾಲಿದ್ದದ್ದು ಕಮಾನಿನಲ್ಲಿ. ನಮ್ಮ ಕಮಾನು ಸಾಹಿತ್ಯವನ್ನು ಹಿಂಬಾಲಿಸುತ್ತದೆ, ಹಾಡುವ ಉಸಿರಿನ ಉದ್ದಕ್ಕೆ ಎಳೆಯುತ್ತದೆ. ಅವರದು ಕುಣಿಯುವ ಕಾಲಿಗಾಗಿ ಇರುವ ಕಮಾನು. ಬಡಗಿ ಕಮಾನಿನ ನಡುಭಾಗದ ಒಂದು ಗೇಣು ಬಿಟ್ಟು ಆಚೀಚೆ ಹೋಗುತ್ತಲೇ ಇರಲಿಲ್ಲ. ಒಂದು ಉದ್ದ, ಎರಡು ಗಿಡ್ಡ. ಒಂದು ಉದ್ದ, ಎರಡು ಗಿಡ್ಡ. ಒತ್ತು ಬೀಳುವುದು ನಾವು ತಾಳಕ್ಕೆ ಪೆಟ್ಟು ಹಾಕುವ ಕಡೆಯಲ್ಲ, ಅದರ ಎದುರಿನಲ್ಲಿ. ಸ್ವರಗಳನ್ನು ಬಿಟ್ಟು, ಬಿಡಿ ತಂತಿಯ ಮೇಲೆ ಬರೀ ಆ ಗತಿಯನ್ನು ಅವರ ಜೊತೆ ನುಡಿಸಿದೆ. ಮಣಿಕಟ್ಟು ಸಡಿಲವಾಗುತ್ತಾ ಬಂತು. ಮೇಷ್ಟ್ರು ಆ ಒಂದು ತುಣುಕಿನಲ್ಲಿ ಹಿಡಿದ ಗುಟ್ಟು ಅದೇ.

ಎಡಗೈಯಲ್ಲೂ ಒಂದು ಸೊಗಸಿತ್ತು. ಕೆಲವು ಮಟ್ಟುಗಳಲ್ಲಿ ಬಡಗಿಯ ಗಾಂಧಾರ ನಮ್ಮ ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ. ಎರಡರ ನಡುವಿನ ಒಂದು ಜಾಗದಲ್ಲಿ ಅವರ ಬೆರಳು ನಿಲ್ಲುತ್ತಿತ್ತು, ಪ್ರತಿ ಸುತ್ತಿನಲ್ಲೂ ಅಲ್ಲಿಯೇ. ಪಿಯಾನೋದ ಕೀಲಿಗೆ ಸಿಗದ ಆ ಜಾಗಗಳು ಗಮಕದಲ್ಲಿ ಬೆಳೆದ ಕಿವಿಗೆ ಅಪರಿಚಿತವಲ್ಲ.

ಬಿಡುವಿನಲ್ಲಿ ಮನೆಯೊಡತಿ ನನ್ನ ಮಗಳಿಗೆ ಬ್ಯಾಂಜೋ ತೋರಿಸಿದರು. ಬೆರಳಿನ ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯಬೇಕು, ಹಿಂದೆಯೇ ಹೆಬ್ಬೆರಳು ಐದನೆಯ ಗಿಡ್ಡ ತಂತಿಯನ್ನು ಮೀಟಬೇಕು. ಆ ಗಿಡ್ಡ ತಂತಿ ಆಫ್ರಿಕಾದಿಂದ ಬಂದ ಬಳುವಳಿ ಎಂದರು ಅವರು. ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿದ ಪಶ್ಚಿಮ ಆಫ್ರಿಕಾದ ವಾದ್ಯಗಳ ನೆನಪನ್ನು ಗುಲಾಮರಾಗಿ ಬಂದವರು ಇಲ್ಲಿ ಬ್ಯಾಂಜೋ ಆಗಿ ಕಟ್ಟಿಕೊಂಡರು. ಯೂರೋಪಿನ ಪಿಟೀಲನ್ನೂ ಕಲಿತು ಕುಣಿತದ ಕೂಟಗಳಿಗೆಲ್ಲ ನುಡಿಸಿದರು. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಕಪ್ಪು ಜನರ ತಟ್ಟೆಗಳಿಗೊಂದು ಪಟ್ಟಿ, ಬಿಳಿಯರ ಹಳ್ಳಿಗಾಡಿನ ಸಂಗೀತಕ್ಕೊಂದು ಪಟ್ಟಿ ಮಾಡಿದವು. ಪಿಟೀಲು, ಬ್ಯಾಂಜೋ ಎರಡನೆಯ ಪಟ್ಟಿಯ ಸೊತ್ತಾದವು. ಜೋ ಥಾಂಪ್ಸನ್ ಅವರಂಥವರು ಯಾವ ಪಟ್ಟಿಗೂ ಸೇರದೆ ಮೆಬೇನ್‌ನಲ್ಲಿ ಉಳಿದರು. ಅವರ ಮನೆಯಂಗಳದಿಂದಲೇ ಈಗ ಆ ಮಟ್ಟುಗಳು ಆಲ್ಬಂ ಆಗಿ ಬಂದಿರುವುದು ನ್ಯಾಯದ ಕೆಲಸ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

“ನಿಮ್ಮ ಕಡೆಯದೇನಾದರೂ ನುಡಿಸಿ” ಎಂದರು ಬಡಗಿ. ವರ್ಣ ನುಡಿಸಿದರೆ ಅವರು ಕೇಳುಗರಾಗಿ ಉಳಿದುಬಿಡುತ್ತಾರೆ. ನನಗೆ ಹೊಳೆದದ್ದು ನೊಟ್ಟುಸ್ವರ. ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಹತ್ತಿರದ ಮನಲಿಯಲ್ಲಿದ್ದಾಗ ಇಂಗ್ಲಿಷರ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಕರ್ನಾಟಕ ಸಂಗೀತಕ್ಕೆ ಪಿಟೀಲನ್ನು ತಂದವರು ಅವರ ತಮ್ಮ ಬಾಲುಸ್ವಾಮಿ. ಅಂಥ ಸುಮಾರು 40 ಪುಟ್ಟ ರಚನೆಗಳಲ್ಲಿ ಹಲವನ್ನು ಇಂದಿಗೂ ಮಕ್ಕಳಿಗೆ ಕಲಿಸುತ್ತಾರೆ. ಚಾಪೆಯ ಮೇಲೆ ಕಲಿತ ‘ವಂದೇ ಮೀನಾಕ್ಷಿ’ಯನ್ನು ಹಿಡಿದೆ.

ಮೊದಲ ಸಾಲು ಮುಗಿಯುವ ಮೊದಲೇ ಮನೆಯೊಡತಿಯ ಕಣ್ಣು ಅರಳಿತು. “ರೇಕ್ಸ್ ಆಫ್ ಮ್ಯಾಲೋ!” ಎಂದು ಕೂಗಿ ಬ್ಯಾಂಜೋ ಎತ್ತಿಕೊಂಡರು. ಐರ್ಲೆಂಡಿನ ಮ್ಯಾಲೋ ಊರಿನ ಆ ಹಳೆಯ ಮಟ್ಟಿಗೇ ದೀಕ್ಷಿತರು ಮೀನಾಕ್ಷಿಯ ಸ್ತುತಿ ಬರೆದದ್ದು. ಬಡಗಿಯ ಕಮಾನೂ ಬಂತು, ಗಿಟಾರ್‌ಗಳೂ ಬಂದವು. ಮಗಳಿಗೆ ಸಾಹಿತ್ಯ ಬರುತ್ತದೆ, ಹಾಡತೊಡಗಿದಳು. ಕೆಲವು ಸುತ್ತುಗಳಾದ ಮೇಲೆ ನಾನು ನನ್ನ ಉದ್ದ ಕಮಾನು ಬಿಟ್ಟು ಒಂದು ಉದ್ದ, ಎರಡು ಗಿಡ್ಡದ ಗತಿಗೆ ತಿರುಗಿದೆ. ಸಾಹಿತ್ಯದ ಅಕ್ಷರಗಳು ಆ ಗತಿಯ ಮೇಲೆ ಸರಾಗವಾಗಿ ಕೂತವು. ಎಷ್ಟು ಸುತ್ತು ಹೋಯಿತೋ ಯಾರೂ ಎಣಿಸಲಿಲ್ಲ. ಬಡಗಿ ಕೊನೆಗೆ ಒಂದು ಕಾಲೆತ್ತಿದರು. ಅದು ಕೊನೆಯ ಸುತ್ತೆಂಬ ಸಂಜ್ಞೆ.

ಮಗಳು ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದನ್ನು ಅಂದೇ ಮೇಷ್ಟ್ರಿಗೆ ಕಳುಹಿಸಿದೆವು. “ಕಮಾನು ಬರುತ್ತಿದೆ, ಒತ್ತು ಇನ್ನೂ ತಡವಾಗಿ ಬೀಳುತ್ತಿದೆ, ಬಿಡಬೇಡ” ಎಂದು ಉತ್ತರ ಬಂತು. ಈಗ ಶನಿವಾರಗಳು ಹಿಲ್ಸ್‌ಬರೋಗೆ ಮೀಸಲು. ಎಟ್ಟಾ ಬೇಕರ್ ಅವರ ‘ಮಾರ್ಚಿಂಗ್ ಜೇಬರ್ಡ್’ ಅನ್ನು ಕಲಿಯುತ್ತಿದ್ದೇನೆ. ಬಡಗಿ ತಮ್ಮ ಪುಸ್ತಕದಲ್ಲಿ ‘ರೇಕ್ಸ್ ಆಫ್ ಮ್ಯಾಲೋ’ ಪಕ್ಕ ‘ಮೀನಾಕ್ಷಿ’ ಎಂದು ಬರೆದುಕೊಂಡು, ಉಳಿದ ನೊಟ್ಟುಸ್ವರಗಳನ್ನೂ ಕೇಳಿದ್ದಾರೆ.