ಪೀಟರ್ ಗನ್: ಕ್ಲಬ್ಬಿನಲ್ಲೇ ಕಚೇರಿ, ಎಂಟು ಸ್ವರದಲ್ಲೇ ಸಂಗೀತ

ಬ್ಲೇಕ್ ಎಡ್ವರ್ಡ್ಸ್ ಸೃಷ್ಟಿಸಿದ ಅಮೆರಿಕದ ಪತ್ತೇದಾರಿ ಧಾರಾವಾಹಿ 'ಪೀಟರ್ ಗನ್' 1958ರ ಸೆಪ್ಟೆಂಬರ್ 22ರಂದು ಎನ್‌ಬಿಸಿ ವಾಹಿನಿಯಲ್ಲಿ ಶುರುವಾಗಿ, 1961ರಲ್ಲಿ ಎಬಿಸಿಯಲ್ಲಿ ಮುಗಿಯಿತು. ಒಟ್ಟು 114 ಕಂತು. ಒಂದೊಂದಕ್ಕೂ ಜಾಹೀರಾತು ಸೇರಿ ಅರ್ಧ ಗಂಟೆ, ಅಷ್ಟೇ. ಅಷ್ಟರಲ್ಲಿ ಕೊಲೆ, ತನಿಖೆ, ಹೊಡೆದಾಟ, ಪ್ರೇಮ ಎಲ್ಲಾ ಮುಗಿಯಬೇಕು.

ಅದು ಸಾಧ್ಯವಾದದ್ದು ಬಹುಪಾಲು ಹಡಗುಕಟ್ಟೆಯ ಬಳಿಯ 'ಮದರ್ಸ್' ಎಂಬ ಜಾಝ್ ಕ್ಲಬ್ಬಿನಿಂದ. ಗನ್‌ಗೆ (ಪತ್ತೇದಾರನಾಗಿ ಕ್ರೇಗ್ ಸ್ಟೀವನ್ಸ್) ಕಚೇರಿ ಇದ್ದಂತೆ ಅದು. ಕಕ್ಷಿದಾರರು ಅಲ್ಲಿಗೇ ಬರುತ್ತಾರೆ, ಪ್ರೇಯಸಿ ಈಡಿ ಹಾರ್ಟ್ (ಲೋಲಾ ಆಲ್‌ಬ್ರೈಟ್) ಅಲ್ಲೇ ಹಾಡುತ್ತಾಳೆ, ಪೊಲೀಸ್ ಲೆಫ್ಟಿನೆಂಟ್ ಜೇಕೋಬಿಯೂ ಅವನನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಾನೆ. ಪಾತ್ರಗಳನ್ನು ಊರೆಲ್ಲ ಓಡಾಡಿಸುವ ಕೆಲಸವೇ ತಪ್ಪಿತು. ಸಾಮಾನ್ಯವಾಗಿ ಮೊದಲು ಅಪರಾಧ ನಡೆದುಹೋಗುತ್ತದೆ, ಆಮೇಲೆ ಶೀರ್ಷಿಕೆ ಬರುತ್ತದೆ. ನೋಡುವುದಾದರೆ ಮೊದಲ ಸೀಸನ್ನಿನಿಂದಲೇ ಶುರುಮಾಡಿ. ಕ್ಲಬ್ಬಿನ ಒಡತಿ 'ಮದರ್' ಆಗಿ ಹೋಪ್ ಎಮರ್ಸನ್ ಇರುವುದು ಅದರಲ್ಲಿ. ಎರಡನೆಯದರಲ್ಲಿ ಆ ಪಾತ್ರಕ್ಕೆ ಮಿನರ್ವಾ ಯುರೆಕಲ್ ಬಂದರು. ನಟನೆಯಲ್ಲಿ ತಪ್ಪು ಹುಡುಕಲಾಗದು, ಆದರೆ ಎಮರ್ಸನ್ನರ ಗತ್ತು ಬೇರೆ.

ಕ್ಲಬ್ಬಿನಿಂದ ಇನ್ನೂ ದೊಡ್ಡ ಲಾಭವಾದದ್ದು ಇದರ ಸಂಗೀತ ಬರೆದ ಹೆನ್ರಿ ಮ್ಯಾನ್ಸಿನಿಗೆ. ವೇದಿಕೆಯ ಮೇಲೆ ಬ್ಯಾಂಡ್ ಇದ್ದಮೇಲೆ ಜಾಝ್ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕಿವಿ ಅದಕ್ಕೆ ಒಗ್ಗಿದ ಮೇಲೆ ಬೀದಿಯ ಬೆನ್ನಟ್ಟುವಿಕೆಗೂ ದೊಡ್ಡ ವಾದ್ಯವೃಂದ ಬೇಡ. ಹೆಜ್ಜೆ ಹಾಕಿದಂತೆ ಒಂದೊಂದೇ ಸ್ವರವಾಗಿ ಸಾಗುವ ಬಾಸ್ (ವಾಕಿಂಗ್ ಬಾಸ್), ಡ್ರಮ್ಸ್ ಇದ್ದರೆ ಸಾಕು. ಆರ್‌ಸಿಎ ಕಂಪನಿ ಇದರ ರೆಕಾರ್ಡು ಮಾಡಲು ಮೊದಲು ಕೇಳಿದ್ದು ಜಾಝ್ ಟ್ರಂಪೆಟ್ ವಾದಕ ಶಾರ್ಟಿ ರಾಜರ್ಸ್‌ರನ್ನು. ಬರೆದವರೇ ಮಾಡಲಿ ಎಂದು ಅವರು ಬಿಟ್ಟುಕೊಟ್ಟರು. 1959ರ ಮೊಟ್ಟಮೊದಲ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿ ಅದಕ್ಕೇ ಬಂತು. ಪಿಯಾನೋ ನುಡಿಸಿದವರು ಮುಂದೆ 'ಸ್ಟಾರ್ ವಾರ್ಸ್' ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್.

ಇನ್ನು ಆ ಶೀರ್ಷಿಕೆ ಸಂಗೀತ. ಪಿಯಾನೋ, ಗಿಟಾರ್ ಎರಡೂ ಒಂದೇ ಸಾಲನ್ನು ಜೊತೆಯಾಗಿ ನುಡಿಸುತ್ತವೆ. ಪಾಶ್ಚಾತ್ಯ ಸ್ವರ ಎಫ್ ಅನ್ನು ಷಡ್ಜ ಮಾಡಿಕೊಂಡರೆ:

ಸ ಸ ರಿ ಸ ಗ ಸ ಮ ಗ

ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಖರಹರಪ್ರಿಯ ರಾಗದ ಪೂರ್ವಾಂಗದ, ಎಂದರೆ ಮೊದಲರ್ಧದ ಸ್ವರಗಳೇ. ನಾಲ್ಕು ಎಣಿಕೆ, ಎಣಿಕೆಗೆ ಎರಡು ಸ್ವರ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾಗುವುದೇ ಇಲ್ಲ. ಮೇಲೆ ಹಿತ್ತಾಳೆ ವಾದ್ಯಗಳು ಎಷ್ಟೇ ಅಬ್ಬರಿಸಲಿ, ಕೆಳಗಿನ ಸಾಲು ಜಗ್ಗುವುದಿಲ್ಲ.

ಗಿಟಾರಿನಲ್ಲಾದರೆ ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ. ಅಲ್ಲಿಂದ ಎಣಿಸಿ ಆರನೆಯ, ಎಂದರೆ ದಪ್ಪ ತಂತಿಯಲ್ಲಿ 0 0 2 0 3 0 5 3. ಕೇಪೋ ಇಲ್ಲದೆ ನುಡಿಸಿದರೆ ಶ್ರುತಿ ಇ ಆಗುತ್ತದೆ, ಮೂಲದ ಜೊತೆ ಕೂಡುವುದಿಲ್ಲ. ಹೆಚ್ಚಿನವರು ಎಡವುವುದು ಲಯದಲ್ಲಿ. ಜಾಝ್ ಧಾರಾವಾಹಿ ಎಂದು ಸ್ವರಗಳನ್ನು ಉದ್ದ-ಗಿಡ್ಡ ಮಾಡಿ ತೂಗಿಸುತ್ತಾರೆ. ಈ ಸಾಲು ರಾಕ್ ಆ್ಯಂಡ್ ರೋಲ್ ಕಡೆಯದು, ಎಂಟೂ ಸಮ ಇರಬೇಕು. ನಮ್ಮ ಪಾಠ ಆದವರು ಗಾಂಧಾರಕ್ಕೆ ಗಮಕ ಹಾಕುವುದೂ ಉಂಟು. ಹಾಕಿದರೆ ಬಿಗಿ ಹೋಗುತ್ತದೆ, ನೇರವಾಗಿ ಹೊಡೆಯಿರಿ. ಸಾಧಾರಣಕ್ಕಿಂತ ಅರ್ಧ ಸ್ವರ ಮೇಲಿನ ಅಂತರ ಗಾಂಧಾರ ಬಿದ್ದರಂತೂ ಭಯ ಹೋಗಿ ಖುಷಿ ಬಂದುಬಿಡುತ್ತದೆ.